ಕುದುರೆ ಬಂತು, ಲಾಳ ಬರಲಿಲ್ಲ: ಜಾನುವಾರು ಆಮದಿನ ದಾರಿಗಳು



ನನಗೆ ಕೊಟ್ಟಿರುವ ವಿಷಯ ‘ಜಾನುವಾರು ಮತ್ತು ಪ್ರಾಣಿಜನ್ಯ ಪದಾರ್ಥಗಳ ಅಂತರರಾಷ್ಟ್ರೀಯ ಆಮದು’. ಆಹ್ವಾನ ಪತ್ರಿಕೆಯಲ್ಲಿ ಇದನ್ನು ಓದಿದ ನನ್ನ ಮನೆಯವರು, ‘ಇದನ್ನ ಕೇಳೋಕೆ ಯಾರು ಬರ್ತಾರೆ?’ ಅಂದರು. ಇಷ್ಟು ಜನ ಬಂದಿದ್ದೀರಿ. ಮನೆಗೆ ಹೋಗಿ ಹೇಳುತ್ತೇನೆ.

ನಾನು ಅರ್ಥಶಾಸ್ತ್ರ ಓದಿದವನಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಹಳ್ಳಿಗಳಲ್ಲಿ ದನದ ಡಾಕ್ಟರಾಗಿ ಕೆಲಸ ಮಾಡಿದವನು. ಆದರೆ ಈ ವಿಷಯದ ಪರಿಚಯ ನನಗಾದದ್ದು ನೌಕರಿಯಲ್ಲಲ್ಲ, ಪ್ರಾಥಮಿಕ ಶಾಲೆಯಲ್ಲಿ. 1960ರ ದಶಕದಲ್ಲಿ ಅಮೆರಿಕದ ಕೇರ್ ಸಂಸ್ಥೆಯ ಹಾಲಿನ ಪುಡಿ ಮತ್ತು ಉಪ್ಪಿಟ್ಟು ನಮ್ಮ ಶಾಲೆಗಳಿಗೆ ಬರುತ್ತಿದ್ದುದು ನನ್ನ ವಯಸ್ಸಿನವರಿಗೆ ನೆನಪಿರುತ್ತದೆ. ಹಂಡೆಯಲ್ಲಿ ಕಾದ ನೀರಿಗೆ ಪುಡಿ ಸುರಿದು ಕಲಸುವ ಸರದಿ ನಮ್ಮದು. ಮೇಷ್ಟ್ರು ಅತ್ತ ತಿರುಗಿದಾಗ ಒಂದು ಹಿಡಿ ಪುಡಿ ಬಾಯಿಗೆ ಹೋಗುತ್ತಿತ್ತು. ಅದು ಅಂಗುಳಿಗೆ ಅಂಟಿಕೊಂಡು, ಹಾಜರಿ ಕರೆದಾಗ ‘ಬಂದಿದೀನಿ ಸಾರ್’ ಎನ್ನಲು ನಾಲಿಗೆ ಏಳುತ್ತಿರಲಿಲ್ಲ. ಕಳ್ಳ ಯಾರೆಂದು ಅಲ್ಲೇ ಗೊತ್ತಾಗುತ್ತಿತ್ತು. ನಮ್ಮ ಕೊಟ್ಟಿಗೆಯಲ್ಲಿ ಎರಡು ನಾಟಿ ಹಸು ಇದ್ದವು. ಆದರೂ ನಾನು ಶಾಲೆಯಲ್ಲಿ ಕುಡಿದದ್ದು ಅಮೆರಿಕದ ಹಸುವಿನ ಹಾಲು. ಅದು ಹೇಗೆ ಇಲ್ಲಿಗೆ ಬಂತು ಎಂದು ಕೇಳುವ ಬುದ್ಧಿ ಆಗ ಇರಲಿಲ್ಲ. ಇವತ್ತು ಕೇಳುತ್ತಿದ್ದೇನೆ.

ಮಾತಿನ ಎಲ್ಲೆಯನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲು, ಕಾಲ ಮೇಲೆ ನಿಂತು ಹಡಗೇರಿ ಬಂದ ಪ್ರಾಣಿ. ಎರಡನೆಯದು, ಹಿಮಗಟ್ಟಿಸಿ ಅಥವಾ ಪುಡಿ ಮಾಡಿ ತಂದದ್ದು. ಮೂರನೆಯದು, ಇವುಗಳ ಜೊತೆ ಟಿಕೆಟ್ಟಿಲ್ಲದೆ ಬಂದ ರೋಗ. ಕೊನೆಯದು, ನಮ್ಮ ದೇಶದ ಬಾಗಿಲು. ಸುಂಕ, ದರಗಳು ಬೇಕಾದಷ್ಟು ಮಾತ್ರ ಬರುತ್ತವೆ. ಮೀನನ್ನು ಪೂರ್ತಿ ಬಿಟ್ಟಿದ್ದೇನೆ. ಅದು ಇನ್ನೊಂದು ಸಂಜೆಯ ಕೆಲಸ. ನಾಲ್ಕೂ ಕಡೆ ನಾನು ಕೇಳುವ ಪ್ರಶ್ನೆ ಒಂದೇ: ಪ್ರಾಣಿಯ ಜೊತೆ ಅದನ್ನು ಸಾಕುವ ವಿದ್ಯೆಯೂ ಬಂತೆ?

ಮೊದಲಿಗೆ ಒಂದು ಅಂದಾಜು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 36 ಕೋಟಿ ಟನ್ ಮಾಂಸ ಉತ್ಪಾದನೆಯಾಗುತ್ತದೆ. ಅದರಲ್ಲಿ ಗಡಿ ದಾಟುವುದು ಹತ್ತರಲ್ಲಿ ಒಂದು ಪಾಲಿನ ಆಸುಪಾಸು. ಹಾಲಿನದೂ ಹೆಚ್ಚುಕಡಿಮೆ ಇದೇ ಲೆಕ್ಕ. ಉಳಿದದ್ದೆಲ್ಲ ಹುಟ್ಟಿದ ದೇಶದಲ್ಲೇ ಖರ್ಚಾಗುತ್ತದೆ. ಅಂದರೆ ಅಂತರರಾಷ್ಟ್ರೀಯ ಸಂತೆ ನಾವು ಅಂದುಕೊಂಡಷ್ಟು ದೊಡ್ಡದಲ್ಲ. ಸಂತೆ ಚಿಕ್ಕದಾದಾಗ ಏನಾಗುತ್ತದೆ, ನಿಮಗೆ ಗೊತ್ತು: ಒಬ್ಬ ದೊಡ್ಡ ಗಿರಾಕಿ ಬಂದು ನಿಂತರೆ ಬೆಲೆ ಏರುತ್ತದೆ, ಅವನು ಬಾರದಿದ್ದರೆ ಮಾಲು ಕೊಳೆಯುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಚೀನಾದ ಹಂದಿಯ ಹತ್ತಿರ ಬೇಕಾಗುತ್ತದೆ.

ಇನ್ನು ಮೊದಲ ಭಾಗ. ಹಂಪಿಗೆ ಹೋದವರು ಹಜಾರರಾಮ ದೇವಾಲಯದ ಪ್ರಾಕಾರದ ಗೋಡೆಯನ್ನು ನೋಡಿರುತ್ತೀರಿ. ಆನೆಗಳ ಸಾಲು, ಅದರ ಜೊತೆಗೆ ಕುದುರೆಗಳ ಸಾಲು. ಆನೆ ನಮ್ಮ ಕಾಡಿನದು. ಕುದುರೆ ಆಮದಿನದು. ದಕ್ಷಿಣದ ಹವೆಯಲ್ಲಿ ಒಳ್ಳೆಯ ಯುದ್ಧದ ಕುದುರೆ ಬೆಳೆಯುತ್ತಿರಲಿಲ್ಲ. ಅರಬ್ ಮತ್ತು ಪರ್ಷಿಯಾ ಕಡೆಯಿಂದ ಬರಬೇಕಿತ್ತು. ಭಟ್ಕಳ, ಹೊನ್ನಾವರಗಳಲ್ಲಿ, ಆಮೇಲೆ ಪೋರ್ಚುಗೀಸರ ಗೋವೆಯಲ್ಲಿ ಅವು ಇಳಿಯುತ್ತಿದ್ದವು. 1535ರ ಹೊತ್ತಿಗೆ ವಿಜಯನಗರದಲ್ಲಿ ಮೂರು ವರ್ಷ ಇದ್ದ ಪೋರ್ಚುಗೀಸ್ ಬರಹಗಾರ ನೂನಿಜ್ ಸ್ವತಃ ಕುದುರೆ ವ್ಯಾಪಾರಿ. ಕೃಷ್ಣದೇವರಾಯ ವರ್ಷಕ್ಕೆ ಹದಿಮೂರು ಸಾವಿರ ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಅವನು ಬರೆದಿದ್ದಾನೆ. ಸಂಖ್ಯೆಯನ್ನು ನೀವು ಅನುಮಾನಿಸಬಹುದು. ವ್ಯಾಪಾರಿಯ ಬಾಯಲ್ಲಿ ಸರಕು ಯಾವಾಗಲೂ ಜಾಸ್ತಿ. ಆದರೆ ಸಾಳುವ ನರಸಿಂಹನ ಕಾಲದ ಬಗ್ಗೆ ಅವನು ಹೇಳುವ ಇನ್ನೊಂದು ಸಂಗತಿ ಇದೆ. ಕುದುರೆ ಜೀವಂತ ಬಂದರೂ ಸರಿ, ಸತ್ತು ಬಂದರೂ ಸರಿ, ಸಾವಿರ ಪರ್ದಾವು ಹೊನ್ನಿಗೆ ಮೂರರಂತೆ ರಾಜ ಕೊಳ್ಳುತ್ತಿದ್ದನಂತೆ. ಸಮುದ್ರದಲ್ಲಿ ಸತ್ತದ್ದರ ಬಾಲ ಒಂದನ್ನು ತಂದು ತೋರಿಸಿದರೆ ಸಾಕು, ಪೂರ್ತಿ ಹಣ ಎಣಿಸುತ್ತಿದ್ದನಂತೆ.

ಬಾಲಕ್ಕೆ ದುಡ್ಡು! ಕೇಳಿದರೆ ನಗು ಬರುತ್ತದೆ. ಯೋಚಿಸಿದರೆ ಇದು ಅಪ್ಪಟ ವ್ಯವಹಾರ. ದಾರಿಯ ನಷ್ಟವನ್ನು ಮಾರುವವನ ತಲೆಗೆ ಕಟ್ಟಿದರೆ ಅವನು ಮುಂದಿನ ಸಲ ಹಡಗನ್ನು ಇನ್ನೊಬ್ಬ ರಾಜನ ಬಂದರಿಗೆ ತಿರುಗಿಸುತ್ತಾನೆ. ಆ ಇನ್ನೊಬ್ಬ ಯಾರು ಎಂಬುದೂ ಗುಟ್ಟಲ್ಲ. 1547ರಲ್ಲಿ ಸದಾಶಿವರಾಯನ ಕಾಲದಲ್ಲಿ ಪೋರ್ಚುಗೀಸರ ಜೊತೆ ಆದ ಒಪ್ಪಂದದಲ್ಲಿ ಗೋವೆಗೆ ಬಂದ ಕುದುರೆಗಳು ವಿಜಯನಗರಕ್ಕೇ ಸಲ್ಲಬೇಕು, ಬಿಜಾಪುರದ ಆದಿಲಶಾಹಿಗೆ ಹೋಗಕೂಡದು ಎಂಬ ಷರತ್ತು ಸೇರಿತು. ಆಮದು ನಿಂತರೆ ಸೈನ್ಯ ನಿಲ್ಲುತ್ತದೆ ಎಂಬ ಹೆದರಿಕೆ ಆ ಷರತ್ತಿನಲ್ಲಿದೆ.

ವಿಜಯನಗರಕ್ಕಿಂತ ಹಿಂದೆ, ಹದಿಮೂರನೇ ಶತಮಾನದ ಕೊನೆಯಲ್ಲಿ, ಮಾರ್ಕೊ ಪೋಲೊ ಪಾಂಡ್ಯರ ಕರಾವಳಿಯಲ್ಲಿ ಇದೇ ವ್ಯಾಪಾರವನ್ನು ಕಂಡಿದ್ದ. ಅಲ್ಲಿನ ದೊರೆಗಳು ಪ್ರತಿವರ್ಷ ಸಾವಿರಗಟ್ಟಲೆ ಕುದುರೆ ತರಿಸುತ್ತಾರೆ, ವರ್ಷದ ಕೊನೆಗೆ ನೂರು ಉಳಿಯುವುದಿಲ್ಲ ಎನ್ನುತ್ತಾನೆ. ಕಾರಣವನ್ನೂ ಕೊಡುತ್ತಾನೆ: ಲಾಳ ಕಟ್ಟುವವರಿಲ್ಲ, ಕುದುರೆಯ ಆರೈಕೆ ಬಲ್ಲವರಿಲ್ಲ, ಅನ್ನದ ಜೊತೆ ಮಾಂಸ ಬೇಯಿಸಿ ತಿನ್ನಿಸುತ್ತಾರೆ. ನಾನು ಎದ್ದು ಕೂತದ್ದು ಮುಂದಿನ ಮಾತಿಗೆ. ಕುದುರೆ ತರುವ ವ್ಯಾಪಾರಿಗಳು ಲಾಳಗಾರರನ್ನು ಬೇಕೆಂದೇ ಕರೆತರುವುದಿಲ್ಲವಂತೆ, ಬೇರೆಯವರು ಕರೆತರಲೂ ಬಿಡುವುದಿಲ್ಲವಂತೆ. ಕುದುರೆ ಸತ್ತಷ್ಟೂ ಮುಂದಿನ ವರ್ಷ ಬೇಡಿಕೆ. ಏಳು ನೂರು ವರ್ಷ ಹಿಂದಿನ ಈ ಸಾಲಿನಲ್ಲಿ ಪ್ರವಾಸಿಯ ಉತ್ಪ್ರೇಕ್ಷೆ ಎಷ್ಟಾದರೂ ಇರಲಿ, ಆಮದಿನ ಒಂದು ಇಡೀ ತಂತ್ರ ಅದರೊಳಗಿದೆ. ಈ ಉಪನ್ಯಾಸಕ್ಕೆ ತಲೆಬರಹ ಸಿಕ್ಕಿದ್ದು ಅಲ್ಲಿಂದಲೇ.

ಇಲ್ಲಿಂದ ನೇರ ನಮ್ಮ ಕಾಲಕ್ಕೆ ಬರೋಣ. ಯುದ್ಧದ ಕುದುರೆ ಹೋಯಿತು, ಜೀವಂತ ಪ್ರಾಣಿಯ ಹಡಗು ಹೋಗಲಿಲ್ಲ. ಇಂದಿಗೂ ಕೊಲ್ಲಿ ದೇಶಗಳಿಗೆ ಕುರಿ, ಆಡು ಕಾಲ ಮೇಲೆಯೇ ಬರುತ್ತವೆ. ಹಜ್ ಮತ್ತು ಬಕ್ರೀದ್‌ಗೆ ಖುರ್ಬಾನಿ ಕೊಡಲು ಜೀವಂತ ಪ್ರಾಣಿಯೇ ಬೇಕು, ಫ್ರೀಜರಿನದು ನಡೆಯದು. ಏಡನ್ ಕೊಲ್ಲಿಯ ಆಚೆ ದಡದಲ್ಲಿ ಸೊಮಾಲಿಲ್ಯಾಂಡಿನ ಬರ್ಬೆರಾ ಬಂದರು ಬದುಕಿರುವುದೇ ಈ ವ್ಯಾಪಾರದ ಮೇಲೆ. ಮೈ ಬಿಳುಪು, ತಲೆ ಕಪ್ಪಾದ ಅಲ್ಲಿನ ಕುರಿಗಳನ್ನು ಮರಳುಗಾಡಿನ ಅಲೆಮಾರಿಗಳು ಬಂದರಿಗೆ ಹೊಡೆದುಕೊಂಡು ಬರುತ್ತಾರೆ. 2000ದಲ್ಲಿ ಸೌದಿ ಅರೇಬಿಯಾ ಮತ್ತು ಯೆಮೆನ್‌ನಲ್ಲಿ ರಿಫ್ಟ್ ಕಣಿವೆ ಜ್ವರ ಕಾಣಿಸಿಕೊಂಡಾಗ ಸೌದಿ ಬಾಗಿಲು ಹಾಕಿತು; ತೆರೆದದ್ದು 2009ರಲ್ಲಿ. ಕೊಳ್ಳುವ ದೇಶಕ್ಕೆ ಅದು ಒಂದು ಆದೇಶ. ಮಾರುವ ಕುರುಬನಿಗೆ ಮಗಳ ಮದುವೆ, ಮಗನ ಶಾಲೆ ಎಲ್ಲವೂ ಒಂಬತ್ತು ವರ್ಷ ಮುಂದಕ್ಕೆ ಹೋದ ಹಾಗೆ.

ಆಸ್ಟ್ರೇಲಿಯದ ಕಥೆ ಇನ್ನೊಂದು ಬಗೆ. 2003ರ ಆಗಸ್ಟಿನಲ್ಲಿ ‘ಕಾರ್ಮೊ ಎಕ್ಸ್‌ಪ್ರೆಸ್’ ಎಂಬ ಹಡಗು ಸುಮಾರು 57,000 ಕುರಿಗಳನ್ನು ಹೊತ್ತು ಸೌದಿ ತಲುಪಿತು. ಕುರಿಗಳ ಬಾಯಲ್ಲಿ ಹುಣ್ಣಿನ ರೋಗ ಮಿತಿ ಮೀರಿದೆ ಎಂದು ಅಲ್ಲಿನವರು ಇಳಿಸಿಕೊಳ್ಳಲಿಲ್ಲ. ಆಸ್ಟ್ರೇಲಿಯ ಒಪ್ಪಲಿಲ್ಲ. ಈ ಜಗಳದ ನಡುವೆ ಹಡಗು ವಾರಗಟ್ಟಲೆ ಸಮುದ್ರದಲ್ಲಿ ಅಲೆಯಿತು. ಬಿಟ್ಟಿ ಕೊಡುತ್ತೇವೆ ಎಂದರೂ ದೇಶದ ಮೇಲೆ ದೇಶ ಬೇಡ ಎಂದಿತು. ಕಡೆಗೆ ಎರಿಟ್ರಿಯ ತೆಗೆದುಕೊಂಡಿತು. ಕುರಿಗಳ ಜೊತೆ ಮೇವು ಮತ್ತು ಹಣವನ್ನೂ ಆಸ್ಟ್ರೇಲಿಯವೇ ಕೊಡಬೇಕಾಯಿತು. ಅಷ್ಟು ಹೊತ್ತಿಗೆ ಹತ್ತರಲ್ಲೊಂದು ಕುರಿ ಸತ್ತಿತ್ತು. 2017ರಲ್ಲಿ ‘ಅವಾಸಿ ಎಕ್ಸ್‌ಪ್ರೆಸ್’ ಹಡಗಿನಲ್ಲಿ ಬಿಸಿಲಿನ ಧಗೆಗೆ ಸುಮಾರು 2,400 ಕುರಿ ಸತ್ತವು, ಅದರ ವಿಡಿಯೊವನ್ನು ಜನ ಟಿವಿಯಲ್ಲಿ ನೋಡಿದರು. ಈಗ ಆಸ್ಟ್ರೇಲಿಯ ಕಾನೂನನ್ನೇ ಮಾಡಿದೆ: 2028ರ ಮೇ 1ರಿಂದ ಸಮುದ್ರದ ಮೂಲಕ ಜೀವಂತ ಕುರಿ ರಫ್ತು ಬಂದ್. ನರಸಿಂಹರಾಯ ಸತ್ತ ಕುದುರೆಗೆ ಹಣ ಕೊಟ್ಟು ವ್ಯಾಪಾರ ಉಳಿಸಿಕೊಂಡ. ಇಲ್ಲಿ ಸತ್ತ ಕುರಿಯೇ ವ್ಯಾಪಾರವನ್ನು ನಿಲ್ಲಿಸಿತು.

ಎರಡನೆಯ ಭಾಗಕ್ಕೆ ಹೊರಳುತ್ತೇನೆ. ಪ್ರಾಣಿಯನ್ನು ಜೀವಂತ ಸಾಗಿಸುವ ಕಷ್ಟವನ್ನು ಯಂತ್ರ ತಪ್ಪಿಸಿದ ಕಥೆ ಇದು. 1882ರ ಫೆಬ್ರವರಿ 15ರಂದು ನ್ಯೂಜಿಲೆಂಡಿನ ಪೋರ್ಟ್ ಚಾಮರ್ಸ್ ಬಂದರಿನಿಂದ ‘ಡನೀಡಿನ್’ ಎಂಬ ಹಾಯಿಹಡಗು ಹೊರಟಿತು. ಒಳಗೆ ಸುಮಾರು ಐದು ಸಾವಿರ ಕುರಿಗಳ ಹಿಮಗಟ್ಟಿದ ಮಾಂಸ, ಕಲ್ಲಿದ್ದಲಿನಿಂದ ಓಡುವ ಶೀತಯಂತ್ರ. ಹಾಯಿಹಡಗಿನಲ್ಲಿ ಬೆಂಕಿಯ ಯಂತ್ರ! ಕಿಡಿ ಹಾರಿ ಹಾಯಿಗೆ ಬೆಂಕಿ ಹತ್ತುವ ಭಯ ದಾರಿಯುದ್ದಕ್ಕೂ. ಉಷ್ಣವಲಯ ದಾಟುವಾಗ ಒಳಗಿನ ತಣ್ಣನೆ ಗಾಳಿ ಸರಿಯಾಗಿ ಹರಿಯುತ್ತಿಲ್ಲವೆಂದು ಗೊತ್ತಾಯಿತು. ಕ್ಯಾಪ್ಟನ್ ವಿಟ್ಸನ್ ತಾನೇ ಗಾಳಿಯ ಕೊಳವೆಯೊಳಗೆ ತೆವಳಿಕೊಂಡು ಹೋಗಿ ಗರಗಸದಲ್ಲಿ ಕಿಂಡಿ ಕೊರೆದ. ಕೆಲಸ ಮುಗಿಯಿತು, ಆದರೆ ಚಳಿಗೆ ಸೆಟೆದು ಹೊರಬರಲಾಗಲಿಲ್ಲ. ಅವನ ಸಹಾಯಕ ಹಿಂದಿನಿಂದ ಹರಿದು ಹೋಗಿ, ಕಾಲಿಗೆ ಹಗ್ಗ ಕಟ್ಟಿ, ಹೊರಗೆ ಎಳೆದು ಹಾಕಿದ. ತೊಂಬತ್ತೆಂಟು ದಿನಗಳ ಪಯಣ ಮುಗಿಸಿ ಹಡಗು ಲಂಡನ್ ಸೇರಿದಾಗ ಕೆಟ್ಟಿದ್ದು ಒಂದೇ ಒಂದು ಕುರಿಯ ಮಾಂಸ.

ಇಂಗ್ಲೆಂಡಿನ ಕೂಲಿಕಾರನಿಗೆ ಕುರಿಮಾಂಸ ಅಗ್ಗವಾದದ್ದು, ನ್ಯೂಜಿಲೆಂಡ್ ಎಂಬ ದೂರದ ನಾಡು ಹುಲ್ಲನ್ನೇ ಹಣ ಮಾಡಿಕೊಂಡದ್ದು ಆ ಕಿಂಡಿಯಿಂದ. ಆದರೆ ಗಮನಿಸಿ: ಮಾಂಸ ಹಿಮಗಟ್ಟಿತು ಎಂದರೆ ಕೊಳ್ಳುವವನು ಪ್ರಾಣಿಯನ್ನು ನೋಡುವುದೇ ಇಲ್ಲ. ಪ್ರಾಣಿಯ ದೇಹವನ್ನು ಬಿಡಿಬಿಡಿಯಾಗಿ ಬೇರೆ ಬೇರೆ ದೇಶಕ್ಕೆ ಮಾರುವುದು ಆಗ ಸಾಧ್ಯವಾಯಿತು. ಕೋಳಿಯನ್ನೇ ತೆಗೆದುಕೊಳ್ಳಿ. ಅಮೆರಿಕದವರಿಗೆ ಎದೆಯ ಬಿಳಿ ಮಾಂಸ ಇಷ್ಟ, ಕಾಲು ಅಷ್ಟಕ್ಕಷ್ಟೇ. ಸೋವಿಯತ್ ಒಕ್ಕೂಟ ಕುಸಿಯುವ ಹೊತ್ತಿಗೆ ಆ ಕಾಲುಗಳು ಹಡಗುಗಟ್ಟಲೆ ರಷ್ಯಕ್ಕೆ ಹೋದವು. ಅಲ್ಲಿನ ಜನ ಅವಕ್ಕೆ ಅಮೆರಿಕದ ಅಧ್ಯಕ್ಷರ ಹೆಸರು ಹಿಡಿದು ‘ಬುಷ್ ಕಾಲು’ ಎಂದೇ ಕರೆದರು. ಕಾಲಿನ ತುದಿಯ ಪಂಜ ಇದೆಯಲ್ಲ, ನಮ್ಮಲ್ಲಿ ಅಂಗಡಿಯವನು ನಾಯಿಗೆ ಎಸೆಯುವುದು, ಅದು ಚೀನಾದಲ್ಲಿ ರುಚಿಯ ತಿನಿಸು. ಅಮೆರಿಕದಲ್ಲಿ ಕಸವಾಗುವುದು ಚೀನಾದ ತಟ್ಟೆಯಲ್ಲಿ ಹಣವಾಗುತ್ತದೆ. ನಮ್ಮ ಕೋಳಿ ಸಾಕುವವರು ಅಮೆರಿಕದ ಕಾಲಿಗೆ ಹೆದರುವುದು ಇದಕ್ಕೇ. ಎದೆಯಲ್ಲಿ ಲಾಭ ಮಾಡಿಕೊಂಡವನು ಕಾಲನ್ನು ಯಾವ ಬೆಲೆಗಾದರೂ ಮಾರಬಲ್ಲ. ಭಾರತ ಆ ಕಾಲಿನ ಮೇಲೆ ನೂರಕ್ಕೆ ನೂರು ಸುಂಕ ಹಾಕಿದೆ.

ಹಿಮದ ತಮ್ಮ ಪುಡಿ. ಯುರೋಪಿನಲ್ಲಿ 1960ರ ದಶಕದ ಕೊನೆಯ ಹೊತ್ತಿಗೆ ಸರ್ಕಾರದ ಸಹಾಯಧನದಿಂದ ಹಾಲು ಉಕ್ಕಿ, ಗೋದಾಮುಗಳಲ್ಲಿ ಹಾಲಿನ ಪುಡಿ ಮತ್ತು ಬೆಣ್ಣೆ ರಾಶಿ ಬಿದ್ದಿತ್ತು. ಬಡ ದೇಶಗಳಿಗೆ ದಾನವಾಗಿ ಕೊಡುವುದು ಅವರಿಗೆ ಹೊರೆ ಇಳಿಸಿಕೊಳ್ಳುವ ದಾರಿ. ದಾನದ ಹಾಲು ಬಂದ ಊರಿನಲ್ಲಿ ಹಸು ಸಾಕುವವನ ಹಾಲಿಗೆ ಬೆಲೆ ಬೀಳುತ್ತದೆ, ಅವನು ಹಸು ಮಾರುತ್ತಾನೆ, ಆಮೇಲೆ ಪುಡಿ ದಾನವಾಗಿ ಬರುವುದಿಲ್ಲ, ಕ್ರಯಕ್ಕೆ ಬರುತ್ತದೆ. ಇದನ್ನು ಮೊದಲೇ ಕಂಡವರು ಆಣಂದದ ವರ್ಗೀಸ್ ಕುರಿಯನ್. 1970ರಲ್ಲಿ ಆರಂಭವಾದ ‘ಆಪರೇಷನ್ ಫ್ಲಡ್’ಗೆ ವಿಶ್ವ ಆಹಾರ ಕಾರ್ಯಕ್ರಮದ ಮೂಲಕ ಬಂದದ್ದು 1,26,000 ಟನ್ ಕೆನೆರಹಿತ ಹಾಲಿನ ಪುಡಿ ಮತ್ತು 42,000 ಟನ್ ಬೆಣ್ಣೆಯೆಣ್ಣೆ. ಅದನ್ನು ಬಿಟ್ಟಿ ಹಂಚಲಿಲ್ಲ. ಹಾಲಾಗಿ ಕಲಸಿ ಮುಂಬಯಿ, ದೆಹಲಿ, ಕಲ್ಕತ್ತ, ಮದರಾಸುಗಳಲ್ಲಿ ಮಾರಿದರು, ಬಂದ ಹಣದಲ್ಲಿ ಡೇರಿ, ಟ್ಯಾಂಕರು, ಹಳ್ಳಿಯ ಸಂಘಗಳನ್ನು ಕಟ್ಟಿದರು. ಇನ್ನೊಬ್ಬರ ಪುಡಿಯಿಂದ ನಮ್ಮ ಲಾಳ ತಯಾರಾಯಿತು. ಕರ್ನಾಟಕದಲ್ಲಿ 1974ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಹೈನು ಅಭಿವೃದ್ಧಿ ನಿಗಮ ಬಂತು. ಅದೇ ಮುಂದೆ ಕೆಎಂಎಫ್ ಆಯಿತು. ದೇಶದ ಹಾಲಿನ ಉತ್ಪಾದನೆ 2023–24ರಲ್ಲಿ ಸುಮಾರು 23.9 ಕೋಟಿ ಟನ್ ಮುಟ್ಟಿತು.

ಅದೇ ಪುಡಿ ಇನ್ನೊಂದು ಕಡೆ ಏನು ಮಾಡಿತು ಎಂಬುದನ್ನೂ ಹೇಳಬೇಕು. ಜಮೈಕ ದ್ವೀಪ 1990ರ ದಶಕದಲ್ಲಿ ಸಾಲದ ಷರತ್ತುಗಳಿಗೆ ಬಗ್ಗಿ ಆಮದಿಗೆ ಬಾಗಿಲು ತೆರೆಯಿತು. ಸಹಾಯಧನದ ಯುರೋಪಿಯನ್ ಪುಡಿ ನುಗ್ಗಿತು. ಅಲ್ಲಿನ ವಿಜ್ಞಾನಿಗಳು ‘ಜಮೈಕ ಹೋಪ್’ ಎಂಬ, ಆ ಬಿಸಿಲಿಗೆ ಒಗ್ಗುವ ಒಳ್ಳೆಯ ತಳಿಯನ್ನೇ ಬೆಳೆಸಿದ್ದರು. ಅದರ ರಕ್ತದಲ್ಲಿ ನಮ್ಮ ಸಾಹಿವಾಲ್ ಕೂಡ ಇದೆ. ಆದರೂ ರೈತರು ಹಾಲು ಚೆಲ್ಲಿದರು, ಹಸುಗಳನ್ನು ಕಟುಕರಿಗೆ ಕೊಟ್ಟರು. ಅಲ್ಲಿ ವಿದ್ಯೆ ಇತ್ತು, ಬಾಗಿಲಿಗೆ ಅಗಳಿ ಇರಲಿಲ್ಲ.

ಇನ್ನು ಕತಾರ್ ಕಥೆಗೆ ಬರುತ್ತೇನೆ, ಅದು ಕುದುರೆಯ ಕಥೆಯ ಇನ್ನೊಂದು ಮುಖ. ಕರಾವಳಿಯ ನಮ್ಮ ಅನೇಕರು ಅಲ್ಲಿ ಕೆಲಸಕ್ಕಿದ್ದಾರೆ, ಅವರಿಗೆ ಇದು ಕಣ್ಣೆದುರಿನ ಸಂಗತಿ. 2017ರ ಜೂನ್ 5ರಂದು ಸೌದಿ ಅರೇಬಿಯಾ ಮತ್ತು ಜೊತೆಯ ದೇಶಗಳು ಕತಾರಿನೊಡನೆ ಸಂಬಂಧ ಕಡಿದುಕೊಂಡವು. ಕತಾರಿಗಿದ್ದ ಒಂದೇ ಭೂಗಡಿ ಮುಚ್ಚಿತು. ಅಲ್ಲಿನ ಹಾಲು, ಮೊಸರಿನ ದೊಡ್ಡ ಪಾಲು ಆ ರಸ್ತೆಯಲ್ಲೇ ಸೌದಿಯಿಂದ ಲಾರಿಯಲ್ಲಿ ಬರುತ್ತಿತ್ತು. ಮೊದಲ ವಾರ ಅಂಗಡಿಗಳ ಹಾಲಿನ ಕಪಾಟು ಖಾಲಿ. ಆಮೇಲೆ ಟರ್ಕಿಯಿಂದ ಹಾಲು ವಿಮಾನದಲ್ಲಿ ಬಂತು. ಜುಲೈನಲ್ಲಿ ಹಸುಗಳೇ ವಿಮಾನವೇರಿ ಬಂದವು. ‘ಬಲದ್ನಾ’ ಎಂಬ ಕಂಪನಿ ಮೊದಲ ಕಂತಿನಲ್ಲಿ 165 ಹೋಲ್‌ಸ್ಟೀನ್ ಹಸುಗಳನ್ನು ಯುರೋಪಿನಿಂದ ದೋಹಾಕ್ಕೆ ಇಳಿಸಿತು. ಆಮೇಲೆ ಸಾವಿರಗಟ್ಟಲೆ. ಈ ಸಲ ಹಸುವಿನ ಜೊತೆ ಲಾಳವೂ ಬಂತು: ಪಶುವೈದ್ಯರು, ಹಾಲು ಕರೆಯುವ ತಿರುಗುಮಣೆ, ತಣ್ಣನೆ ಕೊಟ್ಟಿಗೆ. ಹೊರಗೆ 45 ಡಿಗ್ರಿ ಬಿಸಿಲು, ಒಳಗೆ ಫ್ಯಾನು ಮತ್ತು ಮಂಜಿನ ತುಂತುರು. ಎರಡೇ ವರ್ಷದಲ್ಲಿ ದೇಶ ಹಾಲಿನಲ್ಲಿ ಸ್ವಾವಲಂಬಿ ಎಂದು ಹೇಳಿಕೊಂಡು ರಫ್ತನ್ನೂ ಶುರು ಮಾಡಿತು.

ನಾನೂ ಚಪ್ಪಾಳೆ ತಟ್ಟುವವನೇ. ಆದರೆ ಹಸು ಏನು ತಿನ್ನುತ್ತದೆ? ಮರಳನ್ನಲ್ಲ. ಒಣಹುಲ್ಲು, ಕುದುರೆಮೆಂತೆ, ಕಾಳು ಎಲ್ಲವೂ ಹೊರಗಿನಿಂದಲೇ ಬರಬೇಕು. ಹಾಲಿನ ಆಮದು ನಿಂತು ಮೇವಿನ ಆಮದು ಬಂತು. ಸೌದಿಯ ಅಲ್ಮರಾಯ್ ಕಂಪನಿ ತನ್ನ ನೆಲದಡಿಯ ನೀರು ಉಳಿಸಲು ಅಮೆರಿಕದ ಅರಿಜೋನದಲ್ಲಿ ಜಮೀನು ಕೊಂಡು ಕುದುರೆಮೆಂತೆ ಬೆಳೆದದ್ದೂ ಇದೇ ಜಾಡಿನ ಹೆಜ್ಜೆ. ಆಮದಿನ ಪಟ್ಟಿಯಲ್ಲಿ ‘ಹಾಲು’ ಎಂದು ಬರೆಯುವ ಕಡೆ ಈಗ ‘ಹುಲ್ಲು’ ಎಂದಿದೆ, ನಿಜವಾಗಿ ಗಡಿ ದಾಟುತ್ತಿರುವುದು ಅರಿಜೋನದ ನೀರು.

ಈಗ ಮೂರನೆಯ ಭಾಗ, ಪಶುವೈದ್ಯನಿಗೆ ಎಲ್ಲಕ್ಕಿಂತ ಹತ್ತಿರದ್ದು.

ನಮ್ಮ ಕಡೆ ಹಿಂದೆ ‘ದೊಡ್ಡರೋಗ’ ಎನ್ನುತ್ತಿದ್ದರು. ಬೇರೆ ಹೆಸರೇ ಬೇಕಿರಲಿಲ್ಲ, ಅದಕ್ಕಿಂತ ದೊಡ್ಡದು ದನಕ್ಕೆ ಇರಲಿಲ್ಲ. ಪುಸ್ತಕದಲ್ಲಿ ರಿಂಡರ್‌ಪೆಸ್ಟ್. 1887ರ ಸುಮಾರಿಗೆ ಇಟಲಿಯ ಸೈನ್ಯ ಎರಿಟ್ರಿಯದ ಮಸಾವಾ ಬಂದರಿನಲ್ಲಿ ಇಳಿಸಿದ ದನಗಳ ಜೊತೆ ಅದು ಆಫ್ರಿಕಕ್ಕೆ ಕಾಲಿಟ್ಟಿತು. ಆ ದನಗಳು ಭಾರತದ ಕಡೆಯಿಂದ ಬಂದವು ಎಂದು ಇತಿಹಾಸಕಾರರು ಹೇಳುತ್ತಾರೆ. ಹತ್ತು ವರ್ಷದಲ್ಲಿ ಖಂಡದ ದಕ್ಷಿಣ ತುದಿ ಮುಟ್ಟಿತು. ಹಲವು ಕಡೆ ಹತ್ತರಲ್ಲಿ ಎಂಟು ಒಂಬತ್ತು ದನ ಸತ್ತವು. ಇಥಿಯೋಪಿಯದಲ್ಲಿ ಉಳಲು ಎತ್ತಿಲ್ಲದೆ ಮಹಾ ಕ್ಷಾಮ ಬಿತ್ತು. ಹಡಗಿನಿಂದಿಳಿದ ಒಂದು ಹಿಂಡಿನ ಬೆಲೆ ಅದು.

ಎರಡನೆಯ ಸಲ ಇದೇ ರೋಗ ಜಗತ್ತಿಗೆ ಒಂದು ಸಂಸ್ಥೆಯನ್ನು ಕೊಟ್ಟಿತು. ಆ ಹೊತ್ತಿಗೆ ಬ್ರೆಜಿಲಿನ ದನಗಾರರು ಭಾರತದ ದುಬ್ಬದ ದನಗಳನ್ನು ತರಿಸಿಕೊಳ್ಳುತ್ತಿದ್ದರು. ಯುರೋಪಿನ ದನ ಅಲ್ಲಿನ ಬಿಸಿಲು, ಉಣ್ಣಿಗಳಿಗೆ ಸೋತಿತ್ತು. 1920ರಲ್ಲಿ ಭಾರತದಿಂದ ಬ್ರೆಜಿಲಿಗೆ ಹೊರಟ ದನಗಳು ಬೆಲ್ಜಿಯಂನ ಆಂಟ್‌ವರ್ಪ್ ಬಂದರಿನಲ್ಲಿ ತಂಗಿದವು, ಅಲ್ಲಿ ದೊಡ್ಡರೋಗ ಹಬ್ಬಿತು. ಯುರೋಪು ನಡುಗಿತು. 1924ರ ಜನವರಿ 25ರಂದು 28 ದೇಶಗಳು ಪ್ಯಾರಿಸ್‌ನಲ್ಲಿ ಸಹಿ ಹಾಕಿ ಪ್ರಾಣಿರೋಗಗಳ ಅಂತರರಾಷ್ಟ್ರೀಯ ಕಚೇರಿಯನ್ನು ತೆರೆದವು. ಇಂದಿನ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಅದೇ. 2011ರಲ್ಲಿ ದೊಡ್ಡರೋಗ ಭೂಮಿಯಿಂದಲೇ ತೊಲಗಿತು ಎಂದು ಘೋಷಣೆಯಾಯಿತು. ಸಿಡುಬಿನ ನಂತರ ಮನುಷ್ಯ ನಿರ್ಮೂಲ ಮಾಡಿದ ಎರಡನೆಯ ರೋಗ. ಇದನ್ನು ಹೇಳುವಾಗ ಪಶುವೈದ್ಯನ ಎದೆ ಸ್ವಲ್ಪ ಉಬ್ಬಿದರೆ ಕ್ಷಮಿಸಬೇಕು.

ಆ ಬ್ರೆಜಿಲ್ ದನಗಳ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ವಿಷಯದಿಂದ ಸ್ವಲ್ಪ ಪಕ್ಕಕ್ಕೆ ಹೋದರೂ. ಒಂಗೋಲ್ ದನ ಅಲ್ಲಿ ‘ನೆಲೋರೆ’ ಆಯಿತು, ಕಾಂಕ್ರೇಜ್ ‘ಗುಜೆರಾ’ ಆಯಿತು. ನಮ್ಮ ಬಿಜಾಪುರ, ಬಾಗಲಕೋಟೆ, ಬೆಳಗಾವಿಗಳ ಎರೆಭೂಮಿ ಉಳುತ್ತಿದ್ದ ಕೃಷ್ಣಾತೀರದ ದನವೂ ಹಡಗೇರಿತು. ಅಮೆರಿಕದ ಬ್ರಾಹ್ಮನ್ ತಳಿಯ ಬೇರುಗಳಲ್ಲಿ ಅದೂ ಒಂದು. 1960ರ ದಶಕದ ಆರಂಭದಲ್ಲಿ ಆಂಧ್ರದ ಕರವದಿ ಎಂಬ ಊರಿನ ಹೋರಿ ಬ್ರೆಜಿಲಿಗೆ ಹೋಯಿತು. ಊರಿನ ಹೆಸರೇ ಹೋರಿಗೆ ಅಂಟಿತು. ಇಂದಿನ ನೆಲೋರೆ ವಂಶಾವಳಿ ಬಿಡಿಸಿದರೆ ‘ಕರವದಿ’ ಸಿಗದ ಪುಟ ಕಡಿಮೆ. ಬ್ರೆಜಿಲಿನವರು ದನ ಕೊಂಡರು, ದಾಖಲೆ ಇಟ್ಟರು, ಆರಿಸಿದರು, ಹುಲ್ಲುಗಾವಲು ಮಾಡಿದರು. ಜಗತ್ತಿನ ಅತಿ ದೊಡ್ಡ ದನದ ಮಾಂಸ ರಫ್ತುದಾರರಾದರು. ನಾವು ಟ್ರ್ಯಾಕ್ಟರ್ ಕೊಂಡೆವು. ಕೃಷ್ಣಾತೀರದ ಒಳ್ಳೆಯ ಜೋಡಿ ಇಂದು ಬೇಕೆಂದರೆ ಊರೂರು ಹುಡುಕಬೇಕು.

ಮತ್ತೆ ರೋಗಕ್ಕೆ. 2018ರ ಆಗಸ್ಟಿನಲ್ಲಿ ಚೀನಾದ ಲಿಯಾವ್‌ನಿಂಗ್ ಪ್ರಾಂತ್ಯದಲ್ಲಿ ಆಫ್ರಿಕನ್ ಹಂದಿಜ್ವರ ಪತ್ತೆಯಾಯಿತು. ಆಗ ಅದಕ್ಕೆ ಲಸಿಕೆ ಇರಲಿಲ್ಲ. ಜಗತ್ತಿನ ಅರ್ಧದಷ್ಟು ಹಂದಿ ಸಾಕುವ ದೇಶ ತನ್ನ ಹಿಂಡಿನ ಮೂರನೇ ಒಂದು ಪಾಲಿಗೂ ಹೆಚ್ಚನ್ನು ಕಳೆದುಕೊಂಡಿತು. ಆರಂಭದಲ್ಲಿ ಹೇಳಿದ ಚಿಕ್ಕ ಸಂತೆ, ದೊಡ್ಡ ಗಿರಾಕಿ ಈಗ ನೆನಪು ಮಾಡಿಕೊಳ್ಳಿ. 2020ರಲ್ಲಿ ಚೀನಾ 40 ಲಕ್ಷ ಟನ್ನಿಗೂ ಮಿಕ್ಕಿ ಹಂದಿಮಾಂಸ ಆಮದು ಮಾಡಿಕೊಂಡಿತು. ಸ್ಪೇನ್, ಡೆನ್ಮಾರ್ಕ್, ಬ್ರೆಜಿಲ್‌ಗಳ ಸಾಕಣೆದಾರರಿಗೆ ಹಬ್ಬ. ಮಾಂಸದ ಜೊತೆಗೇ ಯುರೋಪಿನಿಂದ ತಳಿ ಹಂದಿಗಳನ್ನೂ ವಿಮಾನದಲ್ಲಿ ತರಿಸಿತು. ಹುಬೇಯ ಎಝೌ ನಗರದಲ್ಲಿ 26 ಅಂತಸ್ತಿನ ಹಂದಿಸಾಲೆ ಎದ್ದಿತು. ಲಿಫ್ಟಿನಲ್ಲಿ ಹಂದಿ! ಒಂದೆರಡು ವರ್ಷದಲ್ಲಿ ಹಿಂಡು ಚೇತರಿಸಿಕೊಂಡು ಆಮದು ಅರ್ಧಕ್ಕಿಂತ ಕೆಳಗಿಳಿಯಿತು. ಹಬ್ಬವೆಂದು ಕೊಟ್ಟಿಗೆ ಹಿಗ್ಗಿಸಿದ ಹೊರದೇಶದ ಸಾಕಣೆದಾರರು ಸಾಲದೊಂದಿಗೆ ಉಳಿದರು. ಚೀನಾ ಮಾತ್ರ ಕತಾರಿನ ದಾರಿಯಲ್ಲೇ ಇದೆ: ವರ್ಷಕ್ಕೆ 10 ಕೋಟಿ ಟನ್ ಆಸುಪಾಸು ಸೋಯಾಬೀನು ಹೊರಗಿನಿಂದ ಕೊಳ್ಳುತ್ತದೆ, ಬಹುಪಾಲು ಬ್ರೆಜಿಲಿನದು, ಅದರ ಹಿಂಡಿ ಹಂದಿಗೂ ಕೋಳಿಗೂ.

ಕೊನೆಯ ಭಾಗ, ನಮ್ಮ ಬಾಗಿಲು. ಭಾರತದ ಜಾನುವಾರು ಆಮದು ಕಾಯ್ದೆ 1898ರದ್ದು. ಬ್ರಿಟಿಷರು ಪ್ರಾಣಿಗೆ ಮಾತ್ರ ಬರೆದದ್ದು. ವಿಶ್ವ ವ್ಯಾಪಾರ ಸಂಸ್ಥೆಯ ಒತ್ತಡಕ್ಕೆ 2001ರಲ್ಲಿ ನಾವು ಆಮದಿನ ಮೇಲಿನ ಪ್ರಮಾಣದ ನಿರ್ಬಂಧಗಳನ್ನು ತೆಗೆದಾಗ, ಹಾಲು, ಮಾಂಸ, ಮೊಟ್ಟೆಗಳನ್ನೂ ಅದೇ ವರ್ಷ ಕಾಯ್ದೆಯೊಳಗೆ ತರಬೇಕಾಯಿತು. ಪ್ರಮಾಣದ ಗೋಡೆ ಬಿದ್ದಾಗ ಆರೋಗ್ಯದ ಗೋಡೆ ಬೇಕಾಗುತ್ತದೆ. ಆ ಗೋಡೆಗೆ ವಿಜ್ಞಾನದ ಗಾರೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಹಕ್ಕಿಜ್ವರದ ಮೊಕದ್ದಮೆಯಲ್ಲಿ ಕಲಿತೆವು. ಹಕ್ಕಿಜ್ವರದ ನೆಪದಲ್ಲಿ ತನ್ನ ಕೋಳಿಯನ್ನು ನಾವು ತಡೆದಿದ್ದೇವೆ ಎಂದು ಅಮೆರಿಕ 2012ರಲ್ಲಿ ಆ ಸಂಸ್ಥೆಗೆ ದೂರು ಕೊಟ್ಟಿತು. 2015ರಲ್ಲಿ ಮೇಲ್ಮನವಿಯಲ್ಲೂ ನಾವು ಸೋತೆವು. ರೋಗವಿರುವ ಪ್ರದೇಶ, ಇಲ್ಲದ ಪ್ರದೇಶ ಎಂದು ವಿಂಗಡಿಸದೆ, ಅಪಾಯದ ಲೆಕ್ಕ ಹಾಕದೆ ಇಡೀ ದೇಶವನ್ನು ತಡೆದಿದ್ದೀರಿ ಎಂಬುದು ತೀರ್ಪಿನ ಸಾರ. ಆ ತೀರ್ಪು ನನಗೆ ಅನ್ಯಾಯವೆನಿಸಲಿಲ್ಲ. ತಡೆಯುವ ಹಕ್ಕು ನಮಗಿದೆ, ಲೆಕ್ಕ ತೋರಿಸುವ ಕೆಲಸ ಬಾಕಿ ಉಳಿಸಿಕೊಂಡಿದ್ದೆವು.

ಹಾಲಿನ ವಿಷಯದಲ್ಲಿ ಬಾಗಿಲು ಇನ್ನೂ ಗಟ್ಟಿ. ಮೆಲುಕು ಹಾಕುವ ಪ್ರಾಣಿಗಳ ಅಂಗಾಂಶ ಬೆರೆಸಿದ ಮೇವು ತಿಂದ ಹಸುವಿನ ಹಾಲು ಬೇಡವೆಂದು ಭಾರತ ಪ್ರಮಾಣಪತ್ರ ಕೇಳುತ್ತದೆ. 2019ರ ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಆರ್‌ಸಿಇಪಿ ಎಂಬ ಏಷ್ಯಾ–ಪೆಸಿಫಿಕ್ ವ್ಯಾಪಾರ ಒಪ್ಪಂದದಿಂದ ಹಿಂದೆ ಸರಿದದ್ದಕ್ಕೆ ನ್ಯೂಜಿಲೆಂಡಿನ ಹಾಲಿನ ಭಯವೂ ಒಂದು ಕಾರಣ. ಆಸ್ಟ್ರೇಲಿಯದ ಜೊತೆ ಜಾರಿಗೆ ಬಂದ ಒಪ್ಪಂದದಲ್ಲಿ ಉಣ್ಣೆ, ಕುರಿಮಾಂಸಕ್ಕೆ ಸುಂಕ ಬಿಟ್ಟೆವು, ಹಾಲನ್ನು ಹೊರಗಿಟ್ಟೆವು. ಎರಡು ಹಸು ಸಾಕಿ ಡೇರಿಗೆ ಹಾಲು ಹಾಕುವ ಮನೆಗಳು ಇರುವವರೆಗೆ ಇದು ಸರಿಯಾದ ನೀತಿ ಎಂಬುದು ನನ್ನ ಅಭಿಪ್ರಾಯ. ಒಪ್ಪದವರು ಸಭೆಯಲ್ಲಿದ್ದೀರಿ, ಪ್ರಶ್ನೋತ್ತರದಲ್ಲಿ ಸಿಗೋಣ.

ರೇಷ್ಮೆ ಹುಳವೂ ಪ್ರಾಣಿಯೇ, ಆದ್ದರಿಂದ ಎರಡು ಮಾತು. ನಮ್ಮ ನೇಕಾರರು ಹಾಸುನೂಲಿಗೆ ಚೀನಾ ರೇಷ್ಮೆ, ಹೊಕ್ಕುನೂಲಿಗೆ ನಮ್ಮದು ಎಂದು ಬಹಳ ಕಾಲ ನೇಯ್ದರು. ಮಗ್ಗದ ಎಳೆತಕ್ಕೆ ಚೀನಾದ ದ್ವಿತಳಿ ನೂಲು ತಡೆಯುತ್ತಿತ್ತು, ನಮ್ಮ ಮಿಶ್ರತಳಿಯದು ತುಂಡಾಗುತ್ತಿತ್ತು. 2011ರಲ್ಲಿ ಕಚ್ಚಾ ರೇಷ್ಮೆಯ ಸುಂಕವನ್ನು ಶೇ 30ರಿಂದ 5ಕ್ಕೆ ಇಳಿಸಿದಾಗ ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಬೆಳೆಗಾರರ ಮುಖ ನೋಡಲಾಗುತ್ತಿರಲಿಲ್ಲ. ಆಮೇಲೆ ಸುಂಕ ಏರಿಸಿದರು. ಆದರೆ ನಿಜವಾದ ಬದಲಾವಣೆ ಸುಂಕದ್ದಲ್ಲ. 1991ರಿಂದ ಜಪಾನಿನ ಸಹಕಾರದಲ್ಲಿ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ ದ್ವಿತಳಿಗಳನ್ನು ನಮ್ಮ ಹವೆಗೆ ಒಗ್ಗಿಸಿತು. ಜಪಾನಿನವರು ಹುಳದ ಜೊತೆ ಮನೆ ತೊಳೆಯುವುದು, ಸೊಪ್ಪು ಕೊಡುವುದು, ಬಿಸಿ ಕಾಯಿಸುವುದು ಎಲ್ಲವನ್ನೂ ಕಲಿಸಿದರು. ಬಿಳಿ ಗೂಡು ಹೆಚ್ಚಿದ ಹಾಗೆ ಚೀನಾ ನೂಲಿನ ಆಮದು ಇಳಿದಿದೆ.

ಹಸುವಿನಲ್ಲಿ ನಾವು ಹೀಗೆ ಮಾಡಿದೆವೆ? ಡೆನ್ಮಾರ್ಕಿನ ನೆರವಿನಿಂದ ಹೆಸರಘಟ್ಟದಲ್ಲಿ ಘನೀಕೃತ ವೀರ್ಯ ಕೇಂದ್ರ 1969ರಲ್ಲಿ ಬಂತು. ಇಂದು ನಮ್ಮಲ್ಲಿ ದನದ ಆಮದು ಎಂದರೆ ಹೆಚ್ಚಾಗಿ ಇದೇ: ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಮುಳುಗಿದ, ಕಾಲು ಮಿಲಿಲೀಟರಿನ ಒಂದು ನಳಿಕೆ. ನಾನು ಅಂಥ ಸಾವಿರಾರು ನಳಿಕೆಗಳನ್ನು ಕೈಯಾರೆ ಬಳಸಿದ್ದೇನೆ. ನೌಕರಿಯ ಮೊದಲ ವರ್ಷಗಳಲ್ಲಿ ಒಬ್ಬ ಅಜ್ಜಿ ತನ್ನ ಮಿಶ್ರತಳಿ ಕಡಸನ್ನು ಆಸ್ಪತ್ರೆಗೆ ಹಿಡಿದುಕೊಂಡು ಬಂದಳು. ಪಕ್ಕೆಲುಬು ಎಣಿಸಬಹುದಿತ್ತು. ಮೂರು ಸಲ ಸೂಜಿ ಹಾಕಿಸಿದರೂ ಗಬ್ಬ ನಿಂತಿರಲಿಲ್ಲ. ನಾನು ಮೇವಿನ ಬಗ್ಗೆ ಉದ್ದಕ್ಕೆ ಬುದ್ಧಿ ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡು, ‘ಅಲ್ಲ ಡಾಕ್ಟ್ರಪ್ಪ, ಸೀಮೆ ಹಸ ಕೊಟ್ರಿ, ಸರಿ. ಸೀಮೆ ಹುಲ್ಲು ಯಾರು ಕೊಟ್ರು?’ ಅಂದಳು. ಮಾರ್ಕೊ ಪೋಲೊ ಓದುವ ಮೊದಲೇ ನನಗೆ ಆ ಪಾಠ ಆಗಿತ್ತು.

ವಿದ್ಯಾರ್ಥಿಗಳೇ, ಹೊರದೇಶದಿಂದ ಬಂದ ಪ್ರಾಣಿಯನ್ನು ಸಾಮಾನ್ಯವಾಗಿ 30 ದಿನ ಪ್ರತ್ಯೇಕವಾಗಿಟ್ಟು, ರಕ್ತ ಪರೀಕ್ಷಿಸಿ, ಆಮೇಲೆ ಒಳಗೆ ಬಿಡುತ್ತಾರೆ. ಆ ಕೆಲಸ ಮಾಡುವ ಕೇಂದ್ರ ಸರ್ಕಾರದ ಕೇಂದ್ರಗಳಲ್ಲಿ ಒಂದು ಬೆಂಗಳೂರಿನಲ್ಲೇ ಇದೆ. ಕೊನೆಯ ವರ್ಷದವರು ಅದನ್ನು ನೋಡದೆ ಪದವಿ ಪಡೆಯುತ್ತಿದ್ದೀರಿ. ಪ್ರಾಂಶುಪಾಲರಲ್ಲಿ ನನ್ನ ಒಂದೇ ಕೋರಿಕೆ: ಈ ವರ್ಷದ ಅಧ್ಯಯನ ಪ್ರವಾಸದಲ್ಲಿ ಅಲ್ಲಿಗೆ ಒಂದು ದಿನ ಇಡಿ. ಇನ್ನೊಂದು ದಿನ ಕೃಷ್ಣಾತೀರದ ದನ ಉಳಿಸಿಕೊಂಡಿರುವ ಒಬ್ಬ ರೈತನ ಕೊಟ್ಟಿಗೆಗೆ ಇಡಿ. ಬಸ್ಸಿನ ಖರ್ಚಿಗೆ ಈ ಉಪನ್ಯಾಸದ ಗೌರವಧನವನ್ನು ಇಲ್ಲೇ ಬಿಟ್ಟು ಹೋಗುತ್ತೇನೆ.